ಬಬ್ರುವಾಹನ ಪ್ರಸಂಗದಲ್ಲಿ ತಂದೆಯ ದಾರಿ

ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ ನಿಲ್ಲುತ್ತದೆ. ಯುದ್ಧ ಮುಗಿದ ಮೇಲೆ ಗೆದ್ದವರು ತಮ್ಮ ಗೆಲವನ್ನು ಹೇಗೆ ಹೊತ್ತು ನಡೆದರೆಂಬ ಕಥೆಯನ್ನು ಕನ್ನಡ ಜನತೆ ಬಹುಮಟ್ಟಿಗೆ ತಿಳಿದುಕೊಂಡುದು ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತದಿಂದ. 34 ಸಂಧಿಗಳ ಈ ವಾರ್ಧಕ ಷಟ್ಪದಿಯ ಕಾವ್ಯ ಘಟ್ಟದ ಮೇಲೆ ಗಮಕಿಗಳ ಕಂಠದಲ್ಲಿ ಬಾಳಿತು. ಘಟ್ಟದ ಕೆಳಗೆ ಅದರ ಕಥೆಗಳು ಒಂದೊಂದಾಗಿ ಬಿಡಿಸಿಕೊಂಡು ಯಕ್ಷಗಾನದ ಪ್ರಸಂಗಗಳಾದುವು. ಸುಧನ್ವ, ತಾಮ್ರಧ್ವಜ, ಚಂದ್ರಹಾಸ, ಬಬ್ರುವಾಹನ ಈ ಹೆಸರುಗಳನ್ನು ಕೇಳದ ಹಳ್ಳಿ ದಕ್ಷಿಣ ಕನ್ನಡದಲ್ಲಿ ಇರಲಾರದು. ಆದರೆ ಹೀಗೆ ಬಿಡಿಬಿಡಿಯಾಗಿ ಬಂದುದರಿಂದ ಒಂದು ನಷ್ಟವೂ ಆಗಿದೆ. ಕಾವ್ಯದಲ್ಲಿ ಈ ಕಥೆಗಳನ್ನೆಲ್ಲ ಒಂದೇ ದಾರದಲ್ಲಿ ಕೋದಿರುವುದು ಯಜ್ಞಾಶ್ವದ ಸಂಚಾರ. ಅದೊಂದು ದೀರ್ಘವಾದ ದಾರಿ. ರಂಗದಲ್ಲಿ ದಾರಿ ಮರೆಯಾಗಿ ಊರುಗಳು ಮಾತ್ರ ಉಳಿದುವು.

ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಆಸುಪಾಸಿನಲ್ಲಿ ಮಳೆಗಾಲದ ತಾಳಮದ್ದಳೆಯ ಕೂಟಗಳಲ್ಲಿ ಬಬ್ರುವಾಹನ ಪ್ರಸಂಗವನ್ನು ಕೇಳುತ್ತ ಬಂದ ನಮಗೆ ಈ ನಷ್ಟ ಸಣ್ಣದಲ್ಲವೆಂದು ತೋರಿದೆ. ಮಗನನ್ನು ಕಂಡರಿಯದ ತಂದೆ ದಾರಿಯಲ್ಲಿ ಬರುತ್ತಾನೆ, ಬೆಳೆದ ಮಗ ಎದುರಾಗಿ ತನ್ನ ಗುರುತು ಹೇಳುತ್ತಾನೆ, ತಂದೆ ಒಪ್ಪುವುದಿಲ್ಲ. ಕಥೆಯ ತಿರುಳು ಇಷ್ಟೇ. ಇದನ್ನು ನಮ್ಮ ಅರ್ಥಧಾರಿಗಳು ಹೇಗೆ ನಡೆಸುತ್ತಾರೆ, ಹೇಗೆ ನಡೆಸಿದರೆ ಉಚಿತ ಎಂಬುದು ಇಲ್ಲಿಯ ವಿಚಾರ. ಆಟದ ವೇಷಭೂಷಣ, ಕುಣಿತಗಳನ್ನು ನಾವು ಬಿಟ್ಟಿದ್ದೇವೆ. ಮಾತೊಂದನ್ನೇ ನಂಬಿದ ತಾಳಮದ್ದಳೆಯೇ ಈ ಕಥೆಗೆ ಒರೆಗಲ್ಲು. ಏಕೆಂದರೆ ಇಲ್ಲಿ ಗಾಯವಾಗುವುದೂ ಮಾತಿನಿಂದಲೇ.

ಮೊದಲು ಅರ್ಜುನನ ದಾರಿಯನ್ನು ನೋಡಬೇಕು. ಅವನು ಮಣಿಪುರಕ್ಕೆ ಎರಡು ಸಲ ಬರುತ್ತಾನೆ, ಎರಡು ಸಲವೂ ಪಯಣಿಗನಾಗಿಯೇ. ಮೊದಲನೆಯದು ಆದಿಪರ್ವದ ತೀರ್ಥಯಾತ್ರೆ. ದ್ರೌಪದಿಯ ವಿಷಯದಲ್ಲಿ ಅಣ್ಣತಮ್ಮಂದಿರು ಮಾಡಿಕೊಂಡ ಕಟ್ಟಳೆಯನ್ನು ಮೀರಿದುದಕ್ಕಾಗಿ ಊರು ಬಿಟ್ಟವನು ಅಲೆಯುತ್ತ ಮಣಿಪುರಕ್ಕೆ ಬಂದು ಚಿತ್ರಾಂಗದೆಯನ್ನು ಬಯಸುತ್ತಾನೆ. ಅವಳ ತಂದೆ ಚಿತ್ರವಾಹನನ ವಂಶದಲ್ಲಿ ತಲೆಗೊಂದೇ ಸಂತಾನ. ಈ ತಲೆಯಲ್ಲಿ ಅದು ಹೆಣ್ಣಾಯಿತು. ಆದುದರಿಂದ ಅವಳ ಹೊಟ್ಟೆಯಲ್ಲಿ ಹುಟ್ಟುವ ಮಗ ತಾಯಮನೆಯ ಉತ್ತರಾಧಿಕಾರಿಯಾಗಿ ಅಲ್ಲಿಯೇ ಉಳಿಯತಕ್ಕದ್ದು, ಅದೇ ಕನ್ಯಾಶುಲ್ಕ ಎಂದು ಅರಸ ಹೇಳುತ್ತಾನೆ. ಅರ್ಜುನ ಒಪ್ಪುತ್ತಾನೆ, ಮೂರು ವರ್ಷ ಅಲ್ಲಿದ್ದು ಮುಂದಕ್ಕೆ ಹೋಗುತ್ತಾನೆ. ಎಂದರೆ ಮಗನನ್ನು ಬಿಟ್ಟುಕೊಡುವ ಮಾತು ಮಗ ಹುಟ್ಟುವುದಕ್ಕೆ ಮೊದಲೇ ಆಗಿಹೋಗಿತ್ತು, ಮಾತು ಕೊಟ್ಟವನು ಅರ್ಜುನನೇ. ಈ ಸಂಗತಿಯನ್ನು ಮರೆಯದ ಅರ್ಥಧಾರಿ ವಿರಳ. ಬಹುಮಂದಿ ಚಿತ್ರಾಂಗದೆಯನ್ನು ಗಂಡ ತೊರೆದ ಹೆಂಗಸನ್ನಾಗಿ ಮಾಡಿ ಕಣ್ಣೀರು ತರಿಸುತ್ತಾರೆ. ಅವಳು ತೊರೆಯಲ್ಪಟ್ಟವಳಲ್ಲ, ಒಪ್ಪಂದದಂತೆ ತನ್ನ ಮನೆಯಲ್ಲಿ ನಿಂತವಳು.

ಎರಡನೆಯ ಪಯಣ ಅಶ್ವಮೇಧದ್ದು. ಈಗಿನ ಅರ್ಜುನ ಬೇರೆ ಮನುಷ್ಯ. ಅಭಿಮನ್ಯು ಚಕ್ರವ್ಯೂಹದಲ್ಲಿ ಹೋಗಿದ್ದಾನೆ. ದ್ರೌಪದಿಯಲ್ಲಿ ಹುಟ್ಟಿದ ಶ್ರುತಕರ್ಮ ಯುದ್ಧದ ಕೊನೆಯ ರಾತ್ರಿ ಅಶ್ವತ್ಥಾಮನ ಕೈಯಲ್ಲಿ ಸತ್ತಿದ್ದಾನೆ. ಉಲೂಪಿಯ ಮಗ ಇರಾವಂತನ ಕಥೆ ಭೀಷ್ಮಪರ್ವದಲ್ಲಿದೆ: ಅವನೂ ತಾಯಮನೆಯಲ್ಲಿ ಬೆಳೆದು, ತಂದೆ ಇಂದ್ರಲೋಕದಲ್ಲಿದ್ದಾಗ ತಾನಾಗಿ ಹೋಗಿ ಗುರುತು ಹೇಳಿಕೊಂಡವನು. ಆಗ ಅರ್ಜುನ ಅವನನ್ನು ಅಪ್ಪಿಕೊಂಡು, ಯುದ್ಧಕಾಲದಲ್ಲಿ ನೆರವಿಗೆ ಬಾ ಎಂದ. ಬಂದ; ಸತ್ತ. ಕುದುರೆಯ ಬೆನ್ನು ಹತ್ತಿ ಮಣಿಪುರದ ಗಡಿಗೆ ಬರುವ ಹೊತ್ತಿಗೆ ಅರ್ಜುನನಿಗೆ ಉಳಿದ ಮಗ ಬಬ್ರುವಾಹನನೊಬ್ಬನೇ. ಈ ಒಂದು ಲೆಕ್ಕವನ್ನು ಪೀಠಿಕೆಯಲ್ಲಿ ಹೇಳಿದರೆ ಸಾಕು, ಮುಂದಿನ ಮಾತುಗಳಿಗೆಲ್ಲ ಬೇರೆಯೇ ತೂಕ ಬರುತ್ತದೆ. ನಾವು ಕೇಳಿದ ಕೂಟಗಳಲ್ಲಿ ಇದನ್ನು ಹೇಳಿದ ಅರ್ಜುನನನ್ನು ಒಮ್ಮೆ ಮಾತ್ರ ಕಂಡೆವು. ಅವನೂ ಮೂರು ವಾಕ್ಯಗಳಲ್ಲಿ ಮುಗಿಸಿ ಗಾಂಡೀವದ ಹೊಗಳಿಕೆಗೆ ಹಾರಿದ.

ಪೀಠಿಕೆಯ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕು. ಲಕ್ಷ್ಮೀಶನ ಕಾವ್ಯದಲ್ಲಿ ಕುದುರೆ ಮಣಿಪುರಕ್ಕೆ ಬರುವ ಮೊದಲು ಹಾದುಬಂದ ಊರುಗಳಲ್ಲಿ ಅರ್ಜುನ ಕಂಡುದೇನು? ಚಂಪಕಾಪುರದಲ್ಲಿ ಹಂಸಧ್ವಜನೆಂಬ ತಂದೆ ಯುದ್ಧಕ್ಕೆ ತಡವಾಗಿ ಬಂದನೆಂದು ಸ್ವಂತ ಮಗ ಸುಧನ್ವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುತ್ತಾನೆ. ಶಂಖಲಿಖಿತರ ಧರ್ಮಶಾಸ್ತ್ರ ಅವನ ಕೈ ಹಿಡಿದಿದೆ. ಎಣ್ಣೆ ಸುಡದ ಮಗನನ್ನು ಕೊನೆಗೆ ಕೊಲ್ಲುವವನು ಅರ್ಜುನನೇ. ಅವನ ಬಳಿಕ ಸುರಥನನ್ನೂ. ಅದಕ್ಕೂ ಮೊದಲು ಮಾಹಿಷ್ಮತಿಯಲ್ಲಿ ಗಂಡ ನೀಲಧ್ವಜ ಸೋತು ಕುದುರೆಯನ್ನೊಪ್ಪಿಸಿದುದನ್ನು ಸಹಿಸಲಾರದೆ ಹೊರಟ ಜ್ವಾಲೆ, ಗಂಗೆಗೆ ಮಗ ಭೀಷ್ಮನ ಸಾವನ್ನು ನೆನಪಿಸಿ ಅರ್ಜುನನಿಗೆ ಶಾಪ ಕೊಡಿಸುತ್ತಾಳೆ. ತಾನೇ ಬಾಣವಾಗಿ ಬಬ್ರುವಾಹನನ ಬತ್ತಳಿಕೆಯನ್ನು ಸೇರುತ್ತಾಳೆ. ಮಣಿಪುರದಿಂದ ಮುಂದಕ್ಕೆ ಹೋದರೆ ರತ್ನಪುರದ ಮಯೂರಧ್ವಜ: ಅಲ್ಲಿ ತಂದೆಯ ದೇಹಕ್ಕೆ ಗರಗಸ ಹಿಡಿಯುವವರಲ್ಲಿ ಮಗನೊಬ್ಬ. ಅದರಾಚೆ ಚಂದ್ರಹಾಸನ ಕಥೆ: ಹೆತ್ತವರಿಲ್ಲದ ಹುಡುಗನನ್ನು ಕೊಲ್ಲಿಸಹೋದ ದುಷ್ಟಬುದ್ಧಿ ತನ್ನ ಮಗ ಮದನನನ್ನೇ ಬಲಿಗೊಡುತ್ತಾನೆ.

ಕುದುರೆ ಎಲ್ಲಿ ನಿಂತರೂ ಅಲ್ಲಿ ಒಬ್ಬ ತಂದೆ, ಒಬ್ಬ ಮಗ. ಲಕ್ಷ್ಮೀಶ ಇದನ್ನು ಉದ್ದೇಶಪಟ್ಟು ಜೋಡಿಸಿದನೋ, ಮೂಲವಾದ ಸಂಸ್ಕೃತ ಜೈಮಿನಿಯಿಂದ ಬಂದುದನ್ನು ಹಾಗೆಯೇ ಹಿಡಿದನೋ ಎಂಬ ಚರ್ಚೆ ಇಲ್ಲಿ ಬೇಡ. ಆದರೆ ಬಬ್ರುವಾಹನನ ಕಾಳಗದ ನಡುವೆಯೇ ಕವಿ ಕುಶಲವರ ಕಥೆಯನ್ನು ತಂದು ಕೂರಿಸಿರುವುದು ಯೋಚಿಸತಕ್ಕ ವಿಷಯ. ರಾಮನೂ ಅಶ್ವಮೇಧದ ಕುದುರೆಯ ಹಿಂದಿನಿಂದಲೇ ಮಕ್ಕಳನ್ನು ಕಂಡವನು. ತಂದೆ ದೊಡ್ಡ ಅರಸನಾಗಿ ದಿಗ್ವಿಜಯಕ್ಕೆ ಹೊರಟಾಗ ದಾರಿಗೆ ಅಡ್ಡ ನಿಲ್ಲುವವನು ತನ್ನ ಮಗನೇ ಆಗಿರುವುದು ಈ ಕಥಾವರ್ಗದ ಒಳಗುಟ್ಟು. ಮೂಡುಬಿದಿರೆಯ ರತ್ನಾಕರವರ್ಣಿಯ ಭರತೇಶವೈಭವವನ್ನು ಓದಿದವರಿಗೆ ಇದರ ಇನ್ನೊಂದು ಮುಖ ಗೊತ್ತು: ಆರು ಖಂಡಗಳನ್ನು ಸುತ್ತಿ ಬಂದ ಭರತನಿಗೆ ಕಡೆಗೆ ಎದುರಾಗಿ ನಿಲ್ಲುವವನು ಒಡಹುಟ್ಟಿದ ತಮ್ಮ. ರತ್ನಾಕರ ಅಲ್ಲಿ ಅಣ್ಣನ ಮಾತಿನಿಂದಲೇ ತಮ್ಮನ ಮನಸ್ಸನ್ನು ಕರಗಿಸಿ ಯುದ್ಧವನ್ನು ತಪ್ಪಿಸಿದ. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ವೇಣೂರಿನ ಫಲ್ಗುಣಿಯ ದಡದಲ್ಲಿ 1604ರಲ್ಲಿ ನಿಲ್ಲಿಸಿದ ಗೊಮ್ಮಟ, ಬಾಗಲೊಲ್ಲದ ಆ ತಮ್ಮನ ಮೂರ್ತಿಯೇ. ಬಬ್ರುವಾಹನ ಬಾಗಿದವನು. ಬಾಗಿದ ತಲೆಯನ್ನು ಒದೆಸಿಕೊಂಡವನು.

ಇನ್ನು ಭೇಟಿಯ ಸಂದರ್ಭಕ್ಕೆ ಬರೋಣ. ವ್ಯಾಸಭಾರತದ ಆಶ್ವಮೇಧಿಕ ಪರ್ವದಲ್ಲಿಯೂ ಮಗ ಬ್ರಾಹ್ಮಣರನ್ನೂ ಕಾಣಿಕೆಯನ್ನೂ ಮುಂದಿಟ್ಟುಕೊಂಡು ವಿನಯದಿಂದಲೇ ಬರುತ್ತಾನೆ, ಅರ್ಜುನ ಮೆಚ್ಚುವುದಿಲ್ಲ. ಆದರೆ ಅಲ್ಲಿಯ ಆಕ್ಷೇಪಣೆ ಕ್ಷಾತ್ರದ್ದು: ಯುದ್ಧಕ್ಕೆ ಬಂದವನನ್ನು ಹೀಗೆ ಸಾಮದಿಂದ ಎದುರುಗೊಳ್ಳುವವನು ಗಂಡಸೇ, ನಾನು ಆಯುಧವಿಲ್ಲದೆ ಬಂದಿದ್ದರೆ ಇದು ಸರಿ ಎಂಬ ಧಾಟಿ. ಆಗ ನೆಲವನ್ನು ಸೀಳಿಕೊಂಡು ಬರುವ ಉಲೂಪಿ ಮಗನನ್ನು ಯುದ್ಧಕ್ಕೆ ಪ್ರೇರಿಸುತ್ತಾಳೆ. ಅಲ್ಲಿ ತಂದೆ ಮಗನನ್ನು ಮಗನೆಂದೇ ಗದರಿಸುತ್ತಾನೆ. ಜೈಮಿನಿಯ ದಾರಿ ಬೇರೆ. ಇಲ್ಲಿ ಮಗ ಕುದುರೆಯನ್ನು ಕಟ್ಟಿ, ಹಣೆಯ ಪಟ್ಟಿಯನ್ನು ಓದಿ, ತಾಯಿಯನ್ನು ಕೇಳಿ, ತಂದೆಯೆಂದು ತಿಳಿದು, ರಾಜ್ಯವನ್ನೇ ಒಪ್ಪಿಸಲು ಬಂದು ಕಾಲಿಗೆರಗುತ್ತಾನೆ. ತಂದೆ ಒದೆಯುತ್ತಾನೆ; ಅವನ ಹುಟ್ಟನ್ನೂ ತಾಯಿಯ ನಡತೆಯನ್ನೂ ಹೀನಾಯವಾಗಿ ಆಡುತ್ತಾನೆ; ನನ್ನ ಮಗನೆಂದರೆ ಅಭಿಮನ್ಯು ಎನ್ನುತ್ತಾನೆ. ವೀರದ ಪ್ರಶ್ನೆ ಹುಟ್ಟಿನ ಪ್ರಶ್ನೆಯಾಗಿ ತಿರುಗಿದ ಈ ಒಂದು ಬದಲಾವಣೆಯಿಂದಲೇ ಕಥೆಗೆ ನಾಟಕದ ಪ್ರಾಣ ಬಂದಿದೆ.

ಲೋಕಸಾಹಿತ್ಯದಲ್ಲಿ ತಂದೆ ಮಕ್ಕಳು ಕಾದಿದ ಕಥೆಗಳಿಗೆ ಕೊರತೆಯಿಲ್ಲ. ಫಿರ್ದೌಸಿಯ ಶಾಹನಾಮೆಯಲ್ಲಿ ರುಸ್ತುಮನು ಸೋಹ್ರಾಬನನ್ನು ಕೊಂದ ಮೇಲೆ ಅವನು ತನ್ನ ಮಗನೆಂದು ಅರಿಯುತ್ತಾನೆ. ಗ್ರೀಕರ ಈಡಿಪಸ್ ಮೂರು ದಾರಿ ಕೂಡುವಲ್ಲಿ ಎದುರಾದ ಮುದುಕನನ್ನು ಕೊಲ್ಲುತ್ತಾನೆ. ಅವನೇ ತಂದೆಯೆಂದು ತಿಳಿಯುವುದು ಬಹುಕಾಲದ ಮೇಲೆ. ಹಳೆಯ ಜರ್ಮನ್ ಹಾಡಿನ ಹಿಲ್ಡೆಬ್ರಾಂಡ್ ತಾನು ತಂದೆಯೆಂದು ಹೇಳಿಕೊಂಡರೂ ಮಗ ನಂಬುವುದಿಲ್ಲ. ಇವೆಲ್ಲ ಅರಿವಿನ ಕೊರತೆಯಿಂದ ಹುಟ್ಟಿದ ದುರಂತಗಳು. ಮಣಿಪುರದಲ್ಲಿ ಮುಚ್ಚಿಟ್ಟುದು ಏನೂ ಇಲ್ಲ. ಮಗ ಹೇಳುತ್ತಾನೆ, ತಂದೆ ಕೇಳುತ್ತಾನೆ, ಕೇಳಿ ಅಲ್ಲಗಳೆಯುತ್ತಾನೆ. ಅರಿಯದೆ ಮಾಡಿದ ತಪ್ಪಿಗೆ ಕನಿಕರವುಂಟು; ಅರಿವು ಎದುರಿಗೆ ಕೈಮುಗಿದು ನಿಂತಿರುವಾಗ ಮುಖ ತಿರುಗಿಸಿದ ತಪ್ಪಿಗೆ ಏನುಂಟು? ಈ ಪ್ರಸಂಗದ ಅರ್ಜುನ ಪಾತ್ರದ ಕಷ್ಟವೆಲ್ಲ ಇಲ್ಲಿದೆ.

ಈ ಕಥೆಯನ್ನು ನಮ್ಮ ಮೂರು ಊರುಗಳ ಸುತ್ತಣ ಶ್ರೋತೃಗಳು ಯಾವ ಕಿವಿಯಿಂದ ಕೇಳಿಕೊಂಡು ಬಂದರೆಂಬುದನ್ನು ಇದುವರೆಗೆ ಯಾರೂ ಸಾಕಷ್ಟು ಗಮನಿಸಿದಂತಿಲ್ಲ. ತುಳುನಾಡಿನ ಒಂದೇ ಚಾವಡಿಯಲ್ಲಿ ಎರಡು ಬಗೆಯ ಕುಟುಂಬಧರ್ಮದವರು ಕೂತು ಕೇಳಿದ ಕಥೆ ಇದು. ಬ್ರಾಹ್ಮಣರು ಮೊದಲಾದವರದು ಮಕ್ಕಳಕಟ್ಟು. ಬಂಟರು, ಬಿಲ್ಲವರು, ಇಲ್ಲಿಯ ಜೈನರು ಮೊದಲಾದವರದು ಅಳಿಯಕಟ್ಟು: ಅಲ್ಲಿ ಮಗ ತಾಯಿಯ ಕುಟುಂಬದವನು, ಹಿರಿತನ ಸೋದರಮಾವನದು, ತಂದೆ ಮನೆಗೆ ಬಂದುಹೋಗುವ ಪ್ರೀತಿಯ ನೆಂಟ. ಬಂಗಾಡಿ, ನಂದಾವರಗಳ ಬಂಗರು, ವೇಣೂರಿನ ಅಜಿಲರು, ಮೂಡುಬಿದಿರೆಯ ಚೌಟರು ಎಲ್ಲರೂ ಈ ಕಟ್ಟಿನಲ್ಲಿಯೇ ರಾಜ್ಯವಾಳಿದವರು. 1949ರ ಮದರಾಸು ಅಳಿಯಸಂತಾನ ಶಾಸನ ಪಾಲಿಗೆ ದಾರಿ ಮಾಡಿಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಶಾಸನ ಇನ್ನಷ್ಟು ಬದಲಿಸಿತು. ಹಳೆಯ ಕಟ್ಟಿನ ಬಲ ಬಹುಮಟ್ಟಿಗೆ ಕುಗ್ಗಿತು. ಕಿವಿ ಅಷ್ಟು ಬೇಗ ಬದಲಾಗುವುದಿಲ್ಲ.

ಅಳಿಯಕಟ್ಟು ಹುಟ್ಟಿದ ಬಗೆಗೆ ಹೇಳುವ ಐತಿಹ್ಯವೇ ತಂದೆ ಮಕ್ಕಳದು. ದೇವಪಾಂಡ್ಯನ ಹಡಗುಗಳನ್ನು ತಡೆದ ಕುಂಡೋದರನೆಂಬ ಭೂತ ಅವನ ಮಗನನ್ನು ಬಲಿ ಕೇಳಿತಂತೆ. ಹೆಂಡತಿ ಮಗನನ್ನು ಕೊಡಲೊಲ್ಲದೆ ಹೋದಾಗ ತಂಗಿ ತನ್ನ ಮಗನನ್ನು ಕೊಟ್ಟಳು, ಭೂತ ಮೆಚ್ಚಿ ಅವನನ್ನು ಬಿಟ್ಟು ಅರಸನನ್ನಾಗಿ ಮಾಡಿತು, ಅವನೇ ಭೂತಾಳಪಾಂಡ್ಯ. ಅಂದಿನಿಂದ ಆಸ್ತಿ ಮಗನಿಗಲ್ಲ, ಅಳಿಯನಿಗೆ. ಚರಿತ್ರೆಯಾಗಿ ಇದಕ್ಕೆ ಬೆಲೆಯಿಲ್ಲದಿರಬಹುದು. ತಂದೆಗೂ ಮಗನಿಗೂ ನಡುವೆ ಬಿದ್ದ ಬಿರುಕಿಗೆ ಒಂದು ಜನಾಂಗ ತಾನೇ ಕಂಡುಕೊಂಡ ಕಾರಣವೆಂದು ನೋಡಿದರೆ ಬೆಲೆ ಬಹಳ.

ಮಣಿಪುರದ ಒಪ್ಪಂದ ಅಳಿಯಕಟ್ಟೇ ಎಂದು ನಾವು ಹೇಳುತ್ತಿಲ್ಲ. ಮಗಳನ್ನೇ ಮಗನೆಂದು ಭಾವಿಸಿ ಅವಳ ಮಗನನ್ನು ವಂಶಕ್ಕೆ ತೆಗೆದುಕೊಳ್ಳುವ ಪುತ್ರಿಕಾಧರ್ಮ ಮಕ್ಕಳಕಟ್ಟಿನ ಒಳಗಿನದೇ ಒಂದು ಉಪಾಯ. ಅಲ್ಲಿ ಹಿರಿಯ ಅಜ್ಜ, ಸೋದರಮಾವನಲ್ಲ. ಆದರೂ ತಾಯಿಯ ಮನೆ, ತಾಯಿಯ ರಾಜ್ಯ, ದೂರದಿಂದ ಬರುವ ತಂದೆ ಎಂಬ ಚಿತ್ರ ಅಳಿಯಕಟ್ಟಿನ ಶ್ರೋತೃವಿಗೆ ಪರಕೀಯವಲ್ಲ. ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಲೌರಿ ಹೋಂಕೋ ಅವರೂ ನಮ್ಮ ವಿದ್ವಾಂಸರೂ ಸೇರಿ 1990ರಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. 15,683 ಸಾಲುಗಳ ಆ ಹಾಡಿನಲ್ಲಿ ಸಿರಿ ಗಂಡನ ಸಂಬಂಧವನ್ನು ಕಡಿದುಕೊಂಡು ಎಳೆಗೂಸಿನೊಂದಿಗೆ ದಾರಿ ಹಿಡಿಯುತ್ತಾಳೆ. ಅಲ್ಲಿ ನಡೆಯುವವಳು ತಾಯಿ, ಹಿಂದೆ ಉಳಿಯುವವನು ತಂದೆ. ಅಂಥ ಹಾಡನ್ನು ಕೇಳಿ ಬೆಳೆದವರ ಮುಂದೆ ಚಿತ್ರಾಂಗದೆಯನ್ನು ಬರಿಯ ಅಬಲೆಯನ್ನಾಗಿ ಮಾಡುವುದು ಅರ್ಥಧಾರಿಯ ಅಜ್ಞಾನವಲ್ಲದೆ ಬೇರೆಯಲ್ಲ.

ಇದರಿಂದ ಹೊರಡುವ ಮುಖ್ಯ ಮಾತು ಬಬ್ರುವಾಹನನ ಪಾತ್ರಕ್ಕೆ ಸಂಬಂಧಿಸಿದ್ದು. ಅವನಿಗೆ ತಂದೆಯಿಂದ ಬರಬೇಕಾದುದು ಏನೂ ಇಲ್ಲ. ರಾಜ್ಯ ಅಜ್ಜನದು, ಅದು ಅವನ ಕೈಯಲ್ಲಿಯೇ ಇದೆ. ಹಸ್ತಿನಾವತಿಯ ಪಾಲನ್ನು ಅವನು ಕೇಳುವುದಿಲ್ಲ, ಕೇಳುವ ಅಧಿಕಾರವೂ ಇಲ್ಲ. ಬೇಡಿಕೆಯಿಲ್ಲದೆ, ಮೇಲಾಗಿ ತನ್ನಲ್ಲಿರುವುದನ್ನು ಕೊಡುವುದಕ್ಕೆಂದು ಬಂದ ಮಗ ಅವನು. ಅವನಿಗೆ ಬೇಕಾಗಿದ್ದುದು ‘ಮಗನೆ’ ಎಂಬ ಮೂರು ಮಾತ್ರೆಯ ಒಂದು ಸಂಬೋಧನೆ. ಇದನ್ನು ಗ್ರಹಿಸದ ಕೆಲವು ಬಬ್ರುವಾಹನರು ಒದೆಸಿಕೊಂಡ ಮರುಗಳಿಗೆಯಲ್ಲಿ ಹಕ್ಕಿನ ವಾದಕ್ಕೆ ಇಳಿಯುತ್ತಾರೆ. ಔರಸ, ಕ್ಷೇತ್ರಜ, ಕಾನೀನ ಎಂದು ಸ್ಮೃತಿಗಳ ಪುತ್ರವರ್ಗಗಳನ್ನು ಎಣಿಸುತ್ತಾರೆ. ಕೇಳುವವರು ತಲೆದೂಗುತ್ತಾರೆ, ನಿಜ. ಆದರೆ ಅಲ್ಲಿಗೆ ಕಥೆ ನ್ಯಾಯಾಲಯದ ದಾವೆಯಾಯಿತು. ಮಗ ತನ್ನ ಹುಟ್ಟಿಗೆ ಪ್ರಮಾಣ ಕೊಡಲು ತೊಡಗಿದಾಗಲೇ ತಂದೆಯ ಸಂದೇಹಕ್ಕೆ ಒಂದು ಮರ್ಯಾದೆ ಸಿಕ್ಕಿಹೋಗುತ್ತದೆ. ಅವನು ಪ್ರಮಾಣ ಕೊಡಬಾರದು. ತನಗೆ ಆಡಿದ ಮಾತನ್ನು ನುಂಗಿ, ತಾಯಿಗೆ ಆಡಿದ ಮಾತಿಗೆ ಮಾತ್ರ ಬಿಲ್ಲನ್ನು ಎತ್ತಬೇಕು. ಲಕ್ಷ್ಮೀಶನ ಬಬ್ರುವಾಹನನ ಉದಾತ್ತತೆ ಇರುವುದು ಇಲ್ಲಿ.

ಇನ್ನು ಅರ್ಜುನನ ಕಡೆ. ತಾಳಮದ್ದಳೆ ಎದುರು ಬದುರು ಕೂತು ನಡೆಸುವ ವಾದ. ಪಾತ್ರವನ್ನು ಹೊತ್ತವನು ಅದನ್ನು ಸಮರ್ಥಿಸಬೇಕೆಂಬುದು ಇಲ್ಲಿಯ ಧರ್ಮ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರಂಥ ಪಾತ್ರಗಳಿಗೆ ತರ್ಕದ ಬೆನ್ನೆಲುಬನ್ನು ಕೊಟ್ಟು ಈ ಕಲೆಯನ್ನು ಎತ್ತರಕ್ಕೆ ಒಯ್ದರು. ಆ ಮಾರ್ಗದಲ್ಲಿ ನಡೆದ ಕೆಳದರ್ಜೆಯ ಅನುಕರಣೆಯಿಂದ ಪಾತ್ರಸಮರ್ಥನೆ ಎಂಬುದು ಪಾತ್ರವನ್ನು ನಿರಪರಾಧಿಯೆಂದು ಬಿಡಿಸುವ ವಕಾಲತ್ತಾಗಿ ಪರಿಣಮಿಸಿರುವುದು ವಿಷಾದಕರ. ಬಬ್ರುವಾಹನ ಪ್ರಸಂಗದ ಅರ್ಜುನನನ್ನು ಬಿಡಿಸಲು ಮೂರು ಉಪಾಯಗಳು ರೂಢಿಯಲ್ಲಿವೆ.

ಒಂದು, ಗಂಗಾಶಾಪ. ಸಾವು ಮಗನ ಕೈಯಿಂದ ಬರಬೇಕಾಗಿದೆ, ವಿಧಿ ಬಾಯಲ್ಲಿ ಕೂತು ಆಡಿಸಿತು, ಅರ್ಜುನ ನಿಮಿತ್ತಮಾತ್ರ ಎಂಬ ವಾದ. ಕಾವ್ಯದಲ್ಲಿ ಶಾಪ ಇರುವುದು ದಿಟ. ಆದರೆ ಅರ್ಜುನನಿಗೆ ಆ ಕ್ಷಣದಲ್ಲಿ ಶಾಪದ ಅರಿವಿಲ್ಲ; ಅರಿವಿಲ್ಲದ್ದನ್ನು ಅರ್ಜುನನ ಬಾಯಿಂದಲೇ ಹೇಳಿಸುವುದು ಅನೌಚಿತ್ಯ. ಕವಿಗೆ ತಿಳಿದುದೆಲ್ಲ ಪಾತ್ರಕ್ಕೆ ತಿಳಿದಿರುವುದಿಲ್ಲವೆಂಬ ಮೊದಲ ಪಾಠವನ್ನು ಮರೆತದ್ದರ ಫಲ ಇದು. ಎರಡು, ಪರೀಕ್ಷೆ: ಮಗನ ಶೌರ್ಯವನ್ನು ಒರೆಹಚ್ಚಿ ನೋಡಲೆಂದೇ ಕೆಣಕಿದೆ ಎಂಬುದು. ಇದು ವ್ಯಾಸನ ಅರ್ಜುನನಿಗೆ ಒಪ್ಪೀತು. ಹೆಂಡತಿಯ ಶೀಲವನ್ನು ಸಭೆಯಲ್ಲಿ ಹಳಿದವನಿಗೆ ಒಪ್ಪದು. ಯಾವ ತಂದೆಯೂ ಮಗನ ತೋಳನ್ನು ಅಳೆಯಲು ಅವನ ತಾಯಿಯನ್ನು ಅಳತೆಗೋಲಾಗಿ ಹಿಡಿಯುವುದಿಲ್ಲ. ಈ ಉಪಾಯವನ್ನು ಹಿಡಿದ ಅರ್ಜುನ ಕಡೆಯಲ್ಲಿ ನಗುತ್ತ ಮಗನ ಬೆನ್ನು ತಟ್ಟಿ ಮಂಗಳ ಹಾಡಿಸುವುದನ್ನೂ ನಾವು ಕೇಳಿದ್ದೇವೆ. ಅಂದು ರಾತ್ರಿ ಸಿದ್ದಕಟ್ಟೆಯ ದಾರಿಯಾಗಿ ಮರಳುವಾಗ ಜೊತೆಯಲ್ಲಿದ್ದ ಹಿರಿಯರೊಬ್ಬರು, ‘ಒದ್ದದ್ದೂ ಸುಳ್ಳಾ ಹಾಗಾದರೆ?’ ಎಂದು ಕೇಳಿದರು. ವಿಮರ್ಶೆಯೆಂದು ನಾವು ಬರೆಯುವ ಪುಟಗಳೆಲ್ಲ ಆ ಒಂದು ಪ್ರಶ್ನೆಯ ವಿಸ್ತರಣೆ ಮಾತ್ರ.

ಮೂರನೆಯದು ಅಭಿಮನ್ಯುವಿನ ಶೋಕ. ಇದು ಬಿಡುಗಡೆಯ ಉಪಾಯವಾಗಿ ಬಂದರೂ ವಾಸ್ತವವಾಗಿ ಪಾತ್ರದ ಬೀಗದಕೈ. ಸತ್ತ ಮಗ ತಂದೆಯ ಮನಸ್ಸಿನಲ್ಲಿ ಬೆಳೆಯುತ್ತಲೇ ಹೋಗುತ್ತಾನೆ. ಅವನಲ್ಲಿ ಇನ್ನು ಯಾವ ದೋಷವೂ ಕಾಣಿಸದು. ಬದುಕಿರುವ ಮಗ ಎದುರಿಗೆ ಬಂದು ನಿಂತರೆ ಅವನು ಅಭಿಮನ್ಯುವಲ್ಲ ಎಂಬುದೇ ಅವನ ಮೊದಲ ಅಪರಾಧ. ಹೀಗೆ ಅರ್ಥ ಹೇಳಿದ ಅರ್ಜುನ ತಪ್ಪಿತಸ್ಥನಾಗಿಯೇ ಉಳಿಯುತ್ತಾನೆ. ತಪ್ಪಿತಸ್ಥನಾಗಿದ್ದುಕೊಂಡೇ ನಮ್ಮ ಮನುಷ್ಯನಾಗುತ್ತಾನೆ. ಅದರಲ್ಲಿಯೂ ಪಕ್ಕದಲ್ಲಿ ವೃಷಕೇತು ಇದ್ದಾನೆಂಬುದನ್ನು ಮರೆಯಬಾರದು. ಅವನು ಕರ್ಣನ ಮಗ. ತಾಯಿ ಒಪ್ಪಿಕೊಳ್ಳದೆ ಹೊಳೆಗೆ ಬಿಟ್ಟ ಕರ್ಣನನ್ನು ಅಣ್ಣನೆಂದು ಅರಿಯದೆ ಕೊಂದ ಅರ್ಜುನ, ಅರಿತ ಮೇಲೆ ಅವನ ಮಗನನ್ನು ಸ್ವಂತ ಮಗನಂತೆ ಜೊತೆಯಲ್ಲಿ ಕರೆದುಕೊಂಡು ದಾರಿ ನಡೆದಿದ್ದಾನೆ. ಒಪ್ಪಿಕೊಳ್ಳದ ಮಗನ ಬಾಳು ಏನಾಯಿತೆಂಬ ಪಾಠ ಅವನ ಎಡಬಲದಲ್ಲಿಯೇ ಕುದುರೆಯೇರಿ ಬರುತ್ತಿದೆ. ಅದನ್ನು ನೋಡುತ್ತ ನೋಡುತ್ತ ಅವನು ಕುಂತಿಯ ತಪ್ಪನ್ನು ಮತ್ತೆ ಮಾಡುತ್ತಾನೆ. ಕಾಳಗದಲ್ಲಿ ವೃಷಕೇತು ಬಿದ್ದಾಗ ಅರ್ಜುನ ಅಳುವ ಅಳು ಈ ಹಿನ್ನೆಲೆಯಲ್ಲಿ ಕೇಳತಕ್ಕದ್ದು: ತಮ್ಮನ ಕೈಯಲ್ಲಿ ಅಣ್ಣನ ಮಗ ಉಳಿಯಲಿಲ್ಲ, ಕೊಂದವನು ತಾನು ಹೊರಗೆ ಹಾಕಿದ ಮಗ.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು. ಈ ಪ್ರಸಂಗದಲ್ಲಿ ಅರ್ಜುನ ವಾದದಲ್ಲಿ ಗೆಲ್ಲಬಾರದು. ಗೆಲ್ಲುವ ಸಾಮರ್ಥ್ಯವಿದ್ದ ಅರ್ಥಧಾರಿ ಗೆಲ್ಲದೆ ಇರುವುದೇ ಇಲ್ಲಿಯ ಪ್ರೌಢಿಮೆ. ಎದುರಿನವನು ಎಳೆಯನಾಗಿದ್ದು, ಅರ್ಜುನನ ಅರ್ಥ ಹೇಳುವವರು ಪಳಗಿದ ಹಿರಿಯರಾಗಿದ್ದರಂತೂ ಈ ಸಂಯಮ ತೀರ ಅವಶ್ಯ; ಇಲ್ಲವಾದರೆ ರಣದಲ್ಲಿ ತಲೆ ಬೀಳುವವನು ಕೂಟದಲ್ಲಿ ಕಿರೀಟ ಹೊತ್ತು ಏಳುತ್ತಾನೆ. ಹಿರಿಯರು ಕಿರಿಯರ ಬಾಯಿ ಕಟ್ಟಿಸಿ ಮೆರೆದ ಕೂಟಗಳು ನಮ್ಮಲ್ಲಿ ಕಡಮೆಯಲ್ಲ. ಬೇರೆ ಪ್ರಸಂಗಗಳಲ್ಲಿ ಅದು ಕಲೆಯ ಒಂದು ದೋಷ. ಈ ಪ್ರಸಂಗದಲ್ಲಿ ಅದು ಕಥೆಯ ಅಪರಾಧವನ್ನು ವೇದಿಕೆಯ ಮೇಲೆ ಮತ್ತೊಮ್ಮೆ ಮಾಡಿದಂತೆ.

ಇಲ್ಲಿ ಪ್ರಾಸಂಗಿಕವಾಗಿ ಒಂದು ಮಾತು. ಧರ್ಮಸ್ಥಳದ್ದೇ ಮೊದಲಾಗಿ ನಮ್ಮ ಮೇಳಗಳು ದೀಪಾವಳಿ ಕಳೆದ ಮೇಲೆ ಹೊರಟು ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಊರೂರು ಅಲೆಯುತ್ತವೆ. ಆ ಅಲೆತಕ್ಕೆ ಇರುವ ಹೆಸರು ‘ತಿರುಗಾಟ’. ಇರುಳೆಲ್ಲ ವೇಷ, ಹಗಲು ನಿದ್ದೆ, ಮತ್ತೆ ಪಯಣ. ಎಳೆಗೂಸನ್ನು ಬಿಟ್ಟು ತಿರುಗಾಟಕ್ಕೆ ಹೋದ ಕಲಾವಿದ ಮರಳಿದಾಗ ಮಗು ಗುರುತು ಹಿಡಿಯದೆ ತಾಯಿಯ ಸೆರಗಿನಲ್ಲಿ ಅಡಗಿಕೊಂಡ ಸಂಗತಿ ಈ ಸೀಮೆಯ ಎಷ್ಟೋ ಮನೆಗಳಲ್ಲಿ ನಡೆದಿರತಕ್ಕದ್ದು. ಕುದುರೆ ನಡೆದತ್ತ ನಡೆಯಬೇಕಾದ ತಂದೆಯ ಪಾತ್ರವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಶಾಸ್ತ್ರದ ಉದ್ಧರಣೆಗಳನ್ನು ಒತ್ತಟ್ಟಿಗಿಟ್ಟು ಆ ಅನುಭವದಿಂದ ಎರಡು ಮಾತನ್ನು ಎತ್ತಿಕೊಂಡರೆ ಪೀಠಿಕೆ ತಾನಾಗಿ ಬರುತ್ತದೆ.

ಚಲನಚಿತ್ರವನ್ನು ಇಲ್ಲಿ ನೆನೆಯುವುದು ಕೆಲವರಿಗೆ ಅಪ್ರಕೃತವೆನಿಸಬಹುದು. ಆದರೂ 1977ರ ‘ಬಬ್ರುವಾಹನ’ ಚಿತ್ರದಲ್ಲಿ ಹುಣಸೂರು ಕೃಷ್ಣಮೂರ್ತಿಯವರು ಅರ್ಜುನ, ಬಬ್ರುವಾಹನ ಎರಡು ಪಾತ್ರಗಳನ್ನೂ ರಾಜಕುಮಾರ್ ಅವರಿಂದಲೇ ಮಾಡಿಸಿದುದು ಕೇವಲ ಜನಾಕರ್ಷಣೆಯ ತಂತ್ರವಾಗಿ ಉಳಿಯಲಿಲ್ಲ. ತಂದೆಯ ಮುಖವೇ ಮಗನ ಮುಖ. ನೋಡುವವರಿಗೆ ಸ್ಪಷ್ಟವಾಗಿ ಕಾಣುವ ಪ್ರಮಾಣ ತಂದೆಗೆ ಮಾತ್ರ ಕಾಣುವುದಿಲ್ಲ. ತಾಳಮದ್ದಳೆಗೆ ಮುಖದ ಅನುಕೂಲವಿಲ್ಲ. ಅಲ್ಲಿ ಇಬ್ಬರೂ ಬಿಳಿಯ ಅಂಗಿ, ಹೆಗಲ ಮೇಲೊಂದು ಶಾಲು. ಆ ಹೋಲಿಕೆಯನ್ನು ದನಿಯಲ್ಲಿ ತರಬೇಕು. ಒಮ್ಮೆ ಮಾತ್ರ ಒಬ್ಬ ಬಬ್ರುವಾಹನ ಸಿಟ್ಟಿಗೆದ್ದ ಮೇಲೆ ಎದುರಿನ ಅರ್ಜುನನ ವಾಕ್ಯದ ಏರಿಳಿತವನ್ನೇ ಹಿಡಿದು ಉತ್ತರಿಸಿದುದನ್ನು ನಾವು ಕೇಳಿದೆವು. ಬೇಕೆಂದು ಮಾಡಿದುದೋ ತಾನಾಗಿ ಬಂದುದೋ ತಿಳಿಯದು. ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬಳು ‘ಅಪ್ಪನ ಹಾಗೇ’ ಎಂದಳು.

ಕಥೆಯ ಉತ್ತರಾರ್ಧವನ್ನು ಕುರಿತು ಬಹಳ ಹೇಳಬೇಕಾಗಿಲ್ಲ. ತಲೆ ಬೀಳುತ್ತದೆ, ಚಿತ್ರಾಂಗದೆ ಮಗನನ್ನು ನಿಂದಿಸುತ್ತಾಳೆ, ಉಲೂಪಿಯ ಮಾತಿನಂತೆ ಬಬ್ರುವಾಹನ ಪಾತಾಳಕ್ಕೆ ಇಳಿದು ನಾಗರೊಡನೆ ಕಾದಿ ಸಂಜೀವಕ ಮಣಿಯನ್ನು ತರುತ್ತಾನೆ, ಕೃಷ್ಣ ಬಂದು ಎಲ್ಲವನ್ನೂ ಸರಿಪಡಿಸುತ್ತಾನೆ. ಪ್ರಸಂಗದಲ್ಲಿ ಇದು ಕೃಷ್ಣಮಹಿಮೆಯಾಗಿ ಬೇಗಬೇಗ ಹರಿದುಹೋಗುವುದು ಬೆಳಗಿನ ಜಾವದ ಅವಸರದಿಂದಲೂ ಇರಬಹುದು. ಗಮನಿಸತಕ್ಕ ಅಂಶ ಒಂದೇ: ತಂದೆಯನ್ನು ಕಾಣಲು ಮಗ ಮೊದಲು ನಡೆದುದು ತನ್ನ ಊರಿನ ಹೊರಬಾಗಿಲವರೆಗೆ, ಎರಡನೆಯ ಸಲ ಪಾತಾಳದವರೆಗೆ. ದಾರಿ ಈಗ ಮಗನದಾಗಿದೆ. ಕೂಟಗಳಲ್ಲಿ ಇದನ್ನು ಯಾರೂ ಬೆಳೆಸುವುದಿಲ್ಲ.

ಎದ್ದು ಕೂತ ಅರ್ಜುನ ಮಗನಿಗೆ ಏನು ಹೇಳಬೇಕು? ಪ್ರಸಂಗದ ಪದ್ಯಗಳು ಇಲ್ಲಿ ಮಿತವಾಗಿವೆ. ಎಲ್ಲವೂ ಅರ್ಥಧಾರಿಯ ವಿವೇಚನೆಗೆ ಬಿಟ್ಟುದು. ಕ್ಷಮೆ ಬೇಡುವ ಅರ್ಜುನರುಂಟು, ಆಶೀರ್ವದಿಸುವ ಅರ್ಜುನರುಂಟು. ನಮಗೆ ಇವೆರಡಕ್ಕಿಂತ ವ್ಯಾಸಭಾರತದ ಮುಗಿತಾಯ ಹೆಚ್ಚು ಹಿಡಿಸುತ್ತದೆ. ಅದನ್ನು ತಾಳಮದ್ದಳೆಗೆ ತರಲು ಯಾವ ಅಡ್ಡಿಯೂ ಇಲ್ಲ. ಅಲ್ಲಿ ಬಬ್ರುವಾಹನ ತಂದೆಯನ್ನು ಒಂದೇ ಒಂದು ಕೇಳಿಕೊಳ್ಳುತ್ತಾನೆ: ಊರೊಳಗೆ ಬಂದು, ನಿನ್ನ ಮಡದಿಯರೊಡನೆ ಈ ಒಂದು ರಾತ್ರಿ ನಮ್ಮ ಮನೆಯಲ್ಲಿ ಇದ್ದು ಹೋಗು. ಅರ್ಜುನ ನಸುನಗುತ್ತಾನೆ. ತಾನು ದೀಕ್ಷೆಯಲ್ಲಿರುವೆನೆಂದೂ, ಕುದುರೆ ತನಗೆ ಇಚ್ಛೆ ಬಂದತ್ತ ಹೋಗುವುದೆಂದೂ, ತನಗೆ ನಿಲ್ಲುವ ಸ್ಥಳವಿಲ್ಲವೆಂದೂ ಹೇಳಿ, ಹಸ್ತಿನಾವತಿಯ ಯಜ್ಞಕ್ಕೆ ತಾಯಂದಿರೊಂದಿಗೆ ಬಾ ಎಂದು ಕರೆದು, ಊರ ಹೊರಗಿನಿಂದಲೇ ಹೊರಟುಹೋಗುತ್ತಾನೆ.